ಎಲ್ಲ ಗೊತ್ತಿದ್ದೂ ಅವನನ್ನು ಹೊರಗೆ ಬಿಟ್ಟಿದ್ದೇಕೆ?

ನಾಟಿಂಗ್‌ಹ್ಯಾಮ್ ಪ್ರಕರಣದ ಮಾತು ಬಂದಾಗಲೆಲ್ಲ ಜನ ಕೇಳುವುದು ಇದನ್ನೇ: “ನಾಲ್ಕು ಸಲ ಆಸ್ಪತ್ರೆಗೆ ಸೇರಿಸಿದ್ದರು, ಪೊಲೀಸರಿಗೂ ಗೊತ್ತಿತ್ತು. ಮತ್ತೆ ಚಾಕು ಹಿಡಿದು ಬೀದಿಗೆ ಬಂದದ್ದು ಹೇಗೆ?” ಬೆನ್ನಿಗೇ ಇನ್ನೊಂದು: “ನಮ್ಮ ಮನೆಯಲ್ಲೇ ಇಂಥವರಿದ್ದರೆ?”

2023ರ ಜೂನ್ 13ರ ನಸುಕಿನಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ವಾಲ್ಡೋ ಕಲೋಕೇನ್ ಎಂಬಾತ 19 ವರ್ಷದ ಇಬ್ಬರು ವಿದ್ಯಾರ್ಥಿಗಳನ್ನೂ 65 ವರ್ಷದ ಶಾಲಾ ನೌಕರರೊಬ್ಬರನ್ನೂ ಇರಿದು ಕೊಂದ. ಆ ನೌಕರರ ವ್ಯಾನನ್ನೇ ತೆಗೆದುಕೊಂಡು ಹೋಗಿ ದಾರಿಹೋಕರಾದ ಮೂವರ ಮೇಲೆ ನುಗ್ಗಿಸಿದ. ಅವನಿಗೆ ಪ್ಯಾರನಾಯ್ಡ್ ಸ್ಕಿಜೋಫ್ರೇನಿಯಾ, ಅಂದರೆ ಇಲ್ಲದ ದನಿ ಕೇಳಿಸುವ, ಎಲ್ಲರ ಮೇಲೂ ಅನುಮಾನ ಹುಟ್ಟಿಸುವ ಮಾನಸಿಕ ಕಾಯಿಲೆ ಇತ್ತು.

ನನ್ನ ಉತ್ತರ ಚಿಕ್ಕದು. ಕರೆದರೆ ಬರುತ್ತಿಲ್ಲ ಎಂದು ಅವನನ್ನು ಕೈಬಿಟ್ಟರು. ಬರದಿರುವುದೇ ಕಾಯಿಲೆ ಕೆರಳಿರುವುದರ ಗುರುತಾಗಿರಬಹುದು ಎಂದು ಎಲ್ಲರಿಗಿಂತ ಮೊದಲು ತಿಳಿಯಬೇಕಾದವರೇ ಹಾಗೆ ಮಾಡಿದರು.

2020ರ ಮೇ ತಿಂಗಳಲ್ಲಿ ಅವನು ನೆರೆಯವರ ಬಾಗಿಲು ಒಡೆಯಲು ಹೋಗಿ ಪೊಲೀಸರ ಕೈಗೆ ಸಿಕ್ಕ. ಪರೀಕ್ಷಿಸಿ ಮನೆಗೆ ಕಳುಹಿಸಿದರು. ಹಿಂದಿರುಗಿದವನೇ ಇನ್ನೊಂದು ಬಾಗಿಲಿಗೆ ಕೈ ಹಾಕಿದ. ಒಳಗಿದ್ದ ಹೆಣ್ಣುಮಗಳು ಹೆದರಿ ಕಿಟಕಿಯಿಂದ ಹಾರಿ ಬೆನ್ನು ಮುರಿದುಕೊಂಡಳು. ಆಮೇಲೆ ಆಸ್ಪತ್ರೆ. ಎರಡು ತಿಂಗಳೊಳಗೆ ಮತ್ತೆ ಆಸ್ಪತ್ರೆ. 2021ರ ಸೆಪ್ಟೆಂಬರಿನಲ್ಲಿ ಮನೆಗೆ ಬಂದ ಪೊಲೀಸ್ ಅಧಿಕಾರಿಯ ಮೇಲೆ ಹಲ್ಲೆ ಮಾಡಿ ಮೂರನೇ ಸಲ, 2022ರ ಜನವರಿಯಲ್ಲಿ ಜೊತೆಗಿದ್ದವನ ಮೇಲೆ ಕೈಮಾಡಿ ನಾಲ್ಕನೇ ಸಲ. ಪ್ರತಿ ಸಲವೂ ಅದೇ ದಾರಿ: ವಾರ್ಡಿನಲ್ಲಿ ಔಷಧಿ, ಸ್ವಲ್ಪ ಸುಧಾರಣೆ, ಡಿಸ್ಚಾರ್ಜ್, ಮಾತ್ರೆ ಬಂದ್. 2022ರ ಸೆಪ್ಟೆಂಬರಿನಲ್ಲಿ ಹಲ್ಲೆ ಕೇಸಿಗೆ ಕೋರ್ಟಿಗೆ ಬರಲಿಲ್ಲವೆಂದು ವಾರಂಟ್ ಹೊರಟಿತು. ಅದೇ ತಿಂಗಳು ಮಾನಸಿಕ ಆರೋಗ್ಯ ತಂಡ, ಸಂಪರ್ಕಕ್ಕೆ ಸಿಗುತ್ತಿಲ್ಲವೆಂದು ಅವನ ಫೈಲನ್ನು ಜಿಪಿಗೆ, ಅಂದರೆ ಅಲ್ಲಿನ ಕುಟುಂಬ ವೈದ್ಯರಿಗೆ, ದಾಟಿಸಿ ಕೈತೊಳೆದುಕೊಂಡಿತು. ವಾರಂಟ್ ಒಂಬತ್ತು ತಿಂಗಳು ಜಾರಿಯಾಗಲೇ ಇಲ್ಲ. ಅಷ್ಟು ದಿನ ಒಬ್ಬ ವೈದ್ಯರೂ ಅವನ ಮುಖ ನೋಡಲಿಲ್ಲ.

ಈ ಕಾಯಿಲೆ ಜೋರಾದಾಗ ಬಹಳಷ್ಟು ಸಲ ರೋಗಿಗೆ ತನಗೆ ಕಾಯಿಲೆ ಇದೆ ಅನ್ನುವ ಅರಿವೇ ಇರುವುದಿಲ್ಲ. ಕಿವಿಯಲ್ಲಿ ಕೇಳುವ ದನಿ ಅವನ ಪಾಲಿಗೆ ನಿಜ, ಮಾತ್ರೆ ಕೊಡುವವರು ಶತ್ರುಗಳು. ಅವನು ‘ಬೇಡ’ ಅಂದದ್ದನ್ನು ಯೋಚಿಸಿ ತೆಗೆದುಕೊಂಡ ತೀರ್ಮಾನ ಎಂದು ಗೌರವಿಸಿದರೆ ಮರ್ಯಾದೆ ಸಿಗುವುದು ಕಾಯಿಲೆಗೆ, ಅವನಿಗಲ್ಲ.

ಮಾತ್ರೆಗಿಂತ ಡಿಪೋ ಇಂಜೆಕ್ಷನ್, ಅಂದರೆ ಒಮ್ಮೆ ಕೊಟ್ಟರೆ ವಾರಗಟ್ಟಲೆ ಮೈಯಲ್ಲಿ ಉಳಿದು ಕೆಲಸ ಮಾಡುವ ಸೂಜಿಮದ್ದು, ಇಲ್ಲಿ ದೊಡ್ಡ ವ್ಯತ್ಯಾಸ ಮಾಡುತ್ತದೆ. ಮಾತ್ರೆಯನ್ನು ನಾಲಿಗೆಯಡಿ ಇಟ್ಟುಕೊಂಡು ಉಗುಳಬಹುದು. ನಿಲ್ಲಿಸಿದ್ದು ಮನೆಯವರಿಗೆ ತಿಳಿಯುವಷ್ಟರಲ್ಲಿ ವಾರಗಳೇ ಕಳೆದಿರುತ್ತವೆ. ಹ್ಯಾಲೋಪೆರಿಡಾಲ್ ಅಥವಾ ಫ್ಲೂಫೆನಜೀನ್ ಡೆಕನೋಯೇಟ್‌ನಂಥ ಇಂಜೆಕ್ಷನ್ನನ್ನು ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಪಾಲಿಪೆರಿಡೋನ್ ಆದರೆ ತಿಂಗಳಿಗೊಮ್ಮೆ ಸ್ನಾಯುವಿಗೆ ಕೊಡುತ್ತಾರೆ. ರೋಗಿ ಬರಲಿಲ್ಲವೆಂದರೆ ತಪ್ಪಿದ್ದು ಅದೇ ದಿನ ಗೊತ್ತಾಗುತ್ತದೆ, ರಕ್ತದಲ್ಲಿ ಔಷಧಿ ಇನ್ನೂ ಉಳಿದಿರುವಾಗಲೇ ಹುಡುಕಿಕೊಂಡು ಹೋಗಬಹುದು. ಕೈಕಾಲು ಬಿಗಿಯುವುದು, ಒಂದೆಡೆ ಕೂರಲಾಗದ ಚಡಪಡಿಕೆ, ತೂಕ ಏರುವುದು ಇದರಲ್ಲೂ ಉಂಟು. ಅದಕ್ಕೆ ಪರಿಹಾರ ಕೊಡದಿದ್ದರೆ ರೋಗಿ ಮೂರನೇ ಡೋಸಿಗೆ ಬರುವುದಿಲ್ಲ. ಕಲೋಕೇನ್‌ಗೆ ಸೂಜಿ ಇಷ್ಟವಿಲ್ಲವೆಂದು ಡಿಪೋ ಕೊಡಲಿಲ್ಲ. ಮನೆಗೆ ಕಳುಹಿಸಿದ ಮೇಲೂ ಷರತ್ತು ಹಾಕಿ, ತಪ್ಪಿದರೆ 72 ಗಂಟೆಯವರೆಗೆ ಆಸ್ಪತ್ರೆಗೆ ವಾಪಸ್ ಕರೆಸಿಕೊಳ್ಳುವ ‘ಕಮ್ಯುನಿಟಿ ಟ್ರೀಟ್‌ಮೆಂಟ್ ಆರ್ಡರ್’ ಅಲ್ಲಿನ ಕಾನೂನಿನಲ್ಲಿದೆ. ಅದನ್ನೂ ಬಳಸಲಿಲ್ಲ.

ಇನ್ನೊಂದು ವಿಪರ್ಯಾಸ. 2024ರ ಜನವರಿಯಲ್ಲಿ ಕೋರ್ಟು ಅವನನ್ನು ಜೈಲಿಗಲ್ಲ, ನಿರ್ಬಂಧದ ಆದೇಶದೊಂದಿಗೆ ಬಿಗಿ ಭದ್ರತೆಯ ಆಸ್ಪತ್ರೆಗೆ ಕಳುಹಿಸಿತು. ಜನ ಸಿಟ್ಟಾದರು. ಆದರೆ ಆ ಆದೇಶದ ಪ್ರಕಾರ ನ್ಯಾಯ ಸಚಿವರ ಅಥವಾ ಟ್ರಿಬ್ಯೂನಲ್‌ನ ಒಪ್ಪಿಗೆ ಇಲ್ಲದೆ ಬಿಡುಗಡೆ ಇಲ್ಲ, ಷರತ್ತಿನ ಮೇಲೆ ಬಿಟ್ಟರೂ ಹಿಂದಕ್ಕೆ ಕರೆಸಿಕೊಳ್ಳಬಹುದು. ಇದರ ಕಾಲು ಭಾಗ ನಿಗಾ 2022ರಲ್ಲಿ ಇದ್ದಿದ್ದರೆ ಎಂದು ನಾನೂ ಯೋಚಿಸುತ್ತೇನೆ.

ನಮ್ಮಲ್ಲಿ? ಮನೆಯಲ್ಲಿದ್ದವರಿಗೆ ಚಿಕಿತ್ಸೆ ಕಡ್ಡಾಯ ಮಾಡುವ ಅಂಥ ಆದೇಶ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಇಲ್ಲ. ಇರುವುದು ಸೆಕ್ಷನ್ 89: ರೋಗಿ ಇತ್ತೀಚೆಗೆ ಹಿಂಸೆಗೆ ಇಳಿದಿದ್ದರೆ, ತನಗೆ ಹಾನಿ ಮಾಡಿಕೊಳ್ಳಲು ಹೊರಟಿದ್ದರೆ, ಅಥವಾ ಅಪಾಯವಾಗುವಷ್ಟು ತನ್ನನ್ನು ನೋಡಿಕೊಳ್ಳಲಾರದೆ ಹೋದರೆ, ಒಬ್ಬ ಮನೋವೈದ್ಯರೂ ಇನ್ನೊಬ್ಬ ವೈದ್ಯರು ಅಥವಾ ಮಾನಸಿಕ ಆರೋಗ್ಯ ತಜ್ಞರೂ ಬೇರೆ ಬೇರೆಯಾಗಿ ಪರೀಕ್ಷಿಸಿ 30 ದಿನದವರೆಗೆ ಒಳರೋಗಿಯಾಗಿ ಇಟ್ಟುಕೊಳ್ಳಬಹುದು. ಅರ್ಜಿ ಹಾಕಬೇಕಾದವರು ರೋಗಿಯ ನಾಮನಿರ್ದೇಶಿತ ಪ್ರತಿನಿಧಿ, ಅಂದರೆ ತನ್ನ ಪರವಾಗಿ ಎಂದು ರೋಗಿಯೇ ಬರೆದು ಹೆಸರಿಸಿದವರು, ಹಾಗೆ ಯಾರನ್ನೂ ಹೆಸರಿಸದಿದ್ದರೆ ಸಾಮಾನ್ಯವಾಗಿ ಮನೆಯವರು. ಮುಂದುವರಿಸಲು ಸೆಕ್ಷನ್ 90, ಇಬ್ಬರು ಮನೋವೈದ್ಯರು.

ಮನೆಯವರು ಸಿಕ್ಕಿಹಾಕಿಕೊಳ್ಳುವುದು ಅದಕ್ಕೂ ಮೊದಲೇ. ಠಾಣೆಯವರು “ಡಾಕ್ಟರ್ ಚೀಟಿ ತನ್ನಿ” ಅನ್ನುತ್ತಾರೆ, ಆಸ್ಪತ್ರೆಯವರು “ಮೊದಲು ಕರ್ಕೊಂಡ್ ಬನ್ನಿ” ಅನ್ನುತ್ತಾರೆ. ಆಗ ಅದೇ ಕಾಯ್ದೆಯ ಸೆಕ್ಷನ್ 100ರ ಹೆಸರು ಹೇಳಿ ಲಿಖಿತ ದೂರು ಕೊಡಿ, ಸ್ವೀಕೃತಿ ಕೇಳಿ. ಕಾಯಿಲೆಯಿಂದ ತನಗೋ ಇತರರಿಗೋ ಅಪಾಯ ಎಂದು ಕಾಣುವವರನ್ನು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಒಯ್ಯುವುದು ಠಾಣಾಧಿಕಾರಿಯ ಕರ್ತವ್ಯ. ಲಾಕಪ್ಪಿನಲ್ಲಿ ಇಡುವಂತಿಲ್ಲ. ದೂರಿನಲ್ಲಿ “ತಲೆ ಸರಿಯಿಲ್ಲ” ಎಂದು ಬರೆಯಬೇಡಿ. ಯಾವ ತಾರೀಕು ಯಾರಿಗೆ ಏನು ಮಾಡಿದ, ಏನೆಂದು ಬೆದರಿಸಿದ, ಮಾತ್ರೆ ಯಾವಾಗ ನಿಲ್ಲಿಸಿದ ಎಂದು ಬರೆಯಿರಿ.

ಸಾರಿನಲ್ಲಿ ಮಾತ್ರೆ ಕಲಸಿ ಕೊಡುವುದು ನಮ್ಮ ಮನೆಗಳಲ್ಲಿ ಸಾಮಾನ್ಯ. ಸಿಕ್ಕಿಬಿದ್ದ ದಿನ, ಊಟಕ್ಕೆ ವಿಷ ಹಾಕುತ್ತಿದ್ದಾರೆ ಅನ್ನುವ ಅವನ ಅನುಮಾನಕ್ಕೆ ನೀವೇ ಸಾಕ್ಷಿ ಒದಗಿಸಿದಂತಾಗುತ್ತದೆ. ವೈದ್ಯರ ಹತ್ತಿರ ಡಿಪೋ ಮಾತಾಡಿ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಮಂಗಳವಾರ ಬರುವ ‘ಮನೋಚೈತನ್ಯ’ ವ್ಯವಸ್ಥೆ ನಮ್ಮ ರಾಜ್ಯದಲ್ಲಿದೆ, ವಿಚಾರಿಸಿ. ಸಲಹೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416.

ಡಿಸ್ಚಾರ್ಜ್ ಯೋಜನೆಯನ್ನು ಮನೆಯವರ ಜೊತೆ ಮಾತಾಡಿ ಮಾಡಬೇಕೆಂದು ಸೆಕ್ಷನ್ 98 ಹೇಳುತ್ತದೆ. ಆ ದಿನ ಎರಡು ವಿಷಯ ಚೀಟಿಯಲ್ಲಿ ಇರಲಿ: ಮುಂದಿನ ಇಂಜೆಕ್ಷನ್ನಿನ ತಾರೀಕು, ಅದು ತಪ್ಪಿದರೆ ಯಾರಿಗೆ ಫೋನ್ ಮಾಡಬೇಕು ಎಂದು ಒಬ್ಬರ ಹೆಸರು. ಬರೀ ‘ಓಪಿಡಿ’ ಎಂದು ಬರೆದಿದ್ದರೆ ವಾಪಸ್ ಕೊಟ್ಟು ಹೆಸರು ಬರೆಸಿಕೊಳ್ಳಿ.