ನಾಳೆ ಐದನೇ ಕ್ಲಾಸಿಗೆ ಟಿಡಿ ಲಸಿಕೆ

ಬುಧವಾರ, 22 ನವೆಂಬರ್ 2023, ರಾತ್ರಿ

ಸಂಜೆ ಹೆಡ್‌ಮಾಸ್ಟ್ರ ಫೋನು. "ಸಿಸ್ಟರ್, ಮಕ್ಕಳಿಗೆ ಇನ್ನೂ ಏನೂ ಹೇಳಿಲ್ಲ. ಹೇಳಿದ್ರೆ ನಾಳೆ ಅರ್ಧ ಕ್ಲಾಸು ಖಾಲಿ. ಪ್ರೇಯರ್ ಮುಗಿದ ಕೂಡ್ಲೇ ವರಾಂಡದಲ್ಲಿ ಸಾಲಾಗಿ ನಿಲ್ಲಿಸ್ತೀನಿ, ಒಂದು ಗಂಟೇಲಿ ಮುಗಿಸಿಬಿಡಿ."

ಒಳ್ಳೇ ಮನಸ್ಸಿನಿಂದಲೇ ಹೇಳಿದ್ದು. ಆದರೆ ಮಕ್ಕಳು ಬವಳಿ ಬಂದು ಬೀಳಲಿ ಅಂತಿದ್ದರೆ ಇದಕ್ಕಿಂತ ಪಕ್ಕಾ ಏರ್ಪಾಟು ಇಲ್ಲ. ಖಾಲಿ ಹೊಟ್ಟೆ, ನಿಂತ ಸಾಲು, ಮುಂದಿನವನ ತೋಳಿಗೆ ಸೂಜಿ ಹೋಗುವುದನ್ನೇ ನೋಡುತ್ತಾ ಹತ್ತು ನಿಮಿಷ. ಒಬ್ಬಳು ಕುಸಿದರೆ ಹಿಂದೆಯೇ ನಾಲ್ವರು. ಮಧ್ಯಾಹ್ನದೊಳಗೆ ಊರೆಲ್ಲ "ಇಂಜೆಕ್ಷನ್ ರಿಯಾಕ್ಷನ್ ಆಯ್ತಂತೆ". ಸೂಜಿ ಮುಟ್ಟುವ ಮೊದಲೇ ಬಿದ್ದವರೂ ಆ ಲೆಕ್ಕದಲ್ಲೇ.

"ಬಿಸಿಯೂಟ ಆದಮೇಲೆ ಇಟ್ಕೊಳ್ಳೋಣ ಸರ್" ಅಂದೆ. ಪೋಷಕರಿಗೆ ವಾಟ್ಸಾಪ್‌ನಲ್ಲಿ ಈಗಲೇ ತಿಳಿಸಬೇಕು: ಜ್ವರ ಇದೆಯಾ, ಹಿಂದೆ ಯಾವುದಾದರೂ ಲಸಿಕೆಗೆ ಜೋರಾಗಿ ಅಲರ್ಜಿ ಆಗಿತ್ತಾ. ಬೇಡ ಅಂದವರ ಮಗುವನ್ನು ಮುಟ್ಟುವುದಿಲ್ಲ. ಎರಡು ಬಾಗಿಲಿನ ಕೋಣೆಯಾದರೆ ಒಳ್ಳೇದು, ಒಂದರಲ್ಲಿ ಬಂದು ಇನ್ನೊಂದರಲ್ಲಿ ಹೋಗಲಿ. ಒಮ್ಮೆಗೆ ಐದೇ ಮಕ್ಕಳು, ಉಳಿದವರು ಸೂಜಿ ಕಾಣದಂತೆ ಕ್ಲಾಸಿನಲ್ಲಿ. ತೀರಾ ಹೆದರುವವರನ್ನು ಕೊನೆಗೆ ಇಡಬಾರದು. ಕಾದಷ್ಟೂ ಭಯ ಬೆಳೆಯುತ್ತದೆ. ಅವರಿಗೆ ಮೊದಲೇ, ಬೇರೆಯಾಗಿ, ಮಲಗಿಸಿಯೇ ಕೊಡಬಹುದು. ಆಮೇಲೆ ಪ್ರತಿ ಮಗುವೂ ಅರ್ಧ ಗಂಟೆ ಕೂತಿರಬೇಕು.

"ಅರ್ಧ ಗಂಟೆ ಯಾಕೆ ಸಿಸ್ಟರ್, ಟಿಟಿ ತಾನೇ?"

ಟಿಟಿ ಅಲ್ಲ, ಅದು ಬರೀ ಧನುರ್ವಾಯುವಿನ ಲಸಿಕೆ. 2019ರಿಂದ ಆ ಜಾಗಕ್ಕೆ ಟಿಡಿ ಬಂದಿದೆ. ಧನುರ್ವಾಯುವಿನ ಜೊತೆಗೆ ಗಂಟಲಮಾರಿಗೂ ರಕ್ಷಣೆ. ಚಿಕ್ಕಂದಿನಲ್ಲಿ ಹಾಕಿದ ಡಿಪಿಟಿಯ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಮೂರಕ್ಕೂ ಸೇರಿದ ಲಸಿಕೆ) ಬಲ ವರ್ಷ ಕಳೆದಂತೆ ಇಳಿಯುತ್ತದೆ, ಅದಕ್ಕೇ ಹತ್ತನೇ ವಯಸ್ಸಿಗೊಂದು, ಹದಿನಾರನೇ ವಯಸ್ಸಿಗೊಂದು. ಈ ವಯಸ್ಸಿನಲ್ಲಿ ಗಂಟಲಮಾರಿ ಅಂಶ ಡಿಪಿಟಿಯಷ್ಟೇ ಇದ್ದರೆ ತೋಳು ಬಾತುಕೊಳ್ಳುತ್ತದೆ, ಹಾಗಾಗಿ ಕಡಿಮೆ ಇಟ್ಟಿದ್ದಾರೆ.

ಅರ್ಧ ಗಂಟೆ ಕೂರಿಸುವುದು ಏನಾದರೂ ಆದರೆ ನಮ್ಮ ಕಣ್ಣೆದುರೇ ಆಗಲಿ ಅಂತ. ಬವಳಿಯೋ ನಿಜವಾದ ಅಲರ್ಜಿಯೋ ಅನ್ನುವುದು ನಾಡಿ ಹಿಡಿದರೆ ಗೊತ್ತಾಗುತ್ತದೆ. ಬವಳಿಯಾದರೆ ಮೈ ತಣ್ಣಗೆ, ನಾಡಿ ನಿಧಾನ. ಮಲಗಿಸಿ ಕಾಲೆತ್ತಿದರೆ ಒಂದೆರಡು ನಿಮಿಷದಲ್ಲಿ ಕಣ್ಣು ಬಿಡುತ್ತದೆ. ನಾಡಿ ಓಡುತ್ತಿದ್ದು, ಮೈಮೇಲೆ ದದ್ದು, ಉಸಿರಿಗೆ ಸೀಟಿ ಶಬ್ದ ಇದ್ದರೆ ತಡಮಾಡದೆ ತೊಡೆಯ ಹೊರಭಾಗಕ್ಕೆ ಅಡ್ರಿನಲಿನ್ ಇಂಜೆಕ್ಷನ್. ಕಿಟ್‌ನ ಆಂಪ್ಯೂಲ್ ದಿನಾಂಕ ನೋಡಿದೆ, ಇನ್ನೂ ಅವಧಿ ಇದೆ.

38 ಮಕ್ಕಳು, ಹತ್ತು ಡೋಸಿನ ನಾಲ್ಕು ವಯಲ್, ಅಂದರೆ ಲಸಿಕೆಯ ಸೀಸೆ. ಉಳಿಯುವ ಎರಡು ಡೋಸು ಚೆಲ್ಲಬೇಕಿಲ್ಲ. ತೆರೆದ ದಿನಾಂಕ, ಗಂಟೆ ಲೇಬಲ್ ಮೇಲೆ ಬರೆದು ತಣ್ಣಗೇ ವಾಪಸ್ ತಂದರೆ 28 ದಿನ ನಡೆಯುತ್ತದೆ.

ಚಿಂತೆ ಇರುವುದು ಐಸ್ ಪ್ಯಾಕಿನದು. ಟಿಡಿಗೆ ಬಿಸಿಗಿಂತ ಹೆಪ್ಪೇ ಶತ್ರು. ಡೀಪ್ ಫ್ರೀಜರಿಂದ ತೆಗೆದ ಪ್ಯಾಕನ್ನು ನೇರವಾಗಿ ಲಸಿಕೆ ಒಯ್ಯುವ ಕ್ಯಾರಿಯರ್‌ಗೆ ತುಂಬಿದರೆ ಪಕ್ಕದ ವಯಲ್ ಕೆಟ್ಟಿತು ಅಂತಲೇ. ಮೇಜಿನ ಮೇಲಿಟ್ಟು, ಮೈ ಬೆವತು, ಕಿವಿಯ ಹತ್ತಿರ ಅಲ್ಲಾಡಿಸಿದಾಗ ಒಳಗೆ ನೀರು ಗುಳುಗುಳು ಅನ್ನಬೇಕು. ಈ ಚಳಿಯಲ್ಲಿ ಅದಕ್ಕೆ ಹೊತ್ತು ಹಿಡಿಯುತ್ತದೆ, ಬೆಳಗ್ಗೆ ಅವಸರ. ವಯಲ್ ಮೇಲಿನ ವಿವಿಎಂ (ಬಿಸಿ ತಾಗಿದರೆ ಬಣ್ಣ ಬದಲಾಗುವ ಗುರುತು) ಚೌಕ ಬೆಳ್ಳಗಿದೆ ಅಂತ ನಂಬಿ ಕೂರುವಂತಿಲ್ಲ. ಅದು ಬಿಸಿ ತಾಗಿದ್ದನ್ನು ಹೇಳುತ್ತದೆ, ಹೆಪ್ಪುಗಟ್ಟಿದ್ದನ್ನಲ್ಲ.

ಇನ್ನು ಸ್ವೆಟರ್. ಅದರೊಳಗೆ ಬಿಗಿ ತುಂಬುತೋಳಿನ ಅಂಗಿ. ಮೊಣಕೈವರೆಗೆ ಮಾತ್ರ ಮಡಚಲು ಬರುತ್ತದೆ, ಸೂಜಿ ಬೇಕಾದದ್ದು ಭುಜದ ಕೆಳಗೆ. ಹೆಣ್ಣುಮಕ್ಕಳಿಗೆ ಎಲ್ಲರೆದುರು ಅಂಗಿ ಸರಿಸು ಅನ್ನುವುದಾದರೂ ಹೇಗೆ. ಒಂದು ಬೆಡ್‌ಶೀಟು, ಹಗ್ಗ ಚೀಲಕ್ಕೆ ಹಾಕಿಕೊಂಡಿದ್ದೇನೆ. ಆ ಕೋಣೆಯ ಗೋಡೆಯಲ್ಲಿ ಮೊಳೆ ಇದೆಯಾ ಅಂತ ಕೇಳುವುದೇ ಮರೆತೆ.