ಹೃದಯ ಕಸಿಯಾದ ಮಗುವಿಗೆ ಕೊರೋನಾ ಬಂದರೆ

ಕಸಿಗೆ ಕಾಯುತ್ತಿರುವ ಮಗುವಿಗೆ ಕೊರೋನಾ ತಗುಲಿದರೆ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ ಮುಂದೂಡುತ್ತಾರೆ. ಲಸಿಕೆಗೂ ಕಸಿಗೆ ಮುಂಚಿನ ಕಾಲವೇ ಒಳ್ಳೆಯದು, ಆಮೇಲೆ ಪ್ರತಿಕಾಯಗಳು ಅಷ್ಟಾಗಿ ಹುಟ್ಟುವುದಿಲ್ಲ.

ಕಸಿಯಾದ ಮೇಲೆ 38 ಡಿಗ್ರಿ ಸೆಲ್ಸಿಯಸ್ ಜ್ವರ ಕಂಡರೆ ಅಂದೇ ಕಸಿ ತಂಡಕ್ಕೆ ತಿಳಿಸಿ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಟ್ಯಾಕ್ರೋಲಿಮಸ್ ಔಷಧವನ್ನು ನೀವಾಗಿ ನಿಲ್ಲಿಸಲೇಬೇಡಿ, ದೇಹ ಹೊಸ ಹೃದಯವನ್ನೇ ತಿರಸ್ಕರಿಸಬಹುದು. ಅದೇ ಬಗೆಯ ಇನ್ನೊಂದು ಔಷಧ ಮೈಕೋಫೆನೊಲೇಟ್ ಅನ್ನು ತಗ್ಗಿಸಬೇಕೇ ಎಂಬುದನ್ನು ವೈದ್ಯರು ನಿರ್ಧರಿಸಲಿ.

ತೀರ ಎಚ್ಚರ ಬೇಕಾದದ್ದು ಕೊರೋನಾಗೆ ಕೊಡುವ ಮಾತ್ರೆ ಪ್ಯಾಕ್ಸ್‌ಲೋವಿಡ್ ವಿಷಯದಲ್ಲಿ. ಅದರಲ್ಲಿರುವ ರಿಟೊನಾವಿರ್, ಟ್ಯಾಕ್ರೋಲಿಮಸ್ ಅನ್ನು ಒಡೆಯುವ ಕಿಣ್ವವನ್ನೇ ತಡೆಯುತ್ತದೆ. ರಕ್ತದಲ್ಲಿ ಔಷಧದ ಮಟ್ಟ ಹಲವು ಪಟ್ಟು ಏರಿ ಕೈ ನಡುಗಬಹುದು, ಮೂತ್ರಪಿಂಡ ಕೆಡಬಹುದು. ಇನ್ನೊಂದು ಕೊರೋನಾ ಔಷಧ ರೆಮ್ಡೆಸಿವಿರ್‌ಗೆ ಈ ತೊಡಕಿಲ್ಲ, ಆದರೆ ಅದನ್ನು ರಕ್ತನಾಳಕ್ಕೇ ಕೊಡಬೇಕು. ಸೌಮ್ಯ ಸೋಂಕಿಗೆ 3 ದಿನ. ಭೇದಿಯಾದಾಗಲೂ ಟ್ಯಾಕ್ರೋಲಿಮಸ್ ಮಟ್ಟ ಏರುವುದುಂಟು, ರಕ್ತಪರೀಕ್ಷೆ ಮತ್ತೆ ಮಾಡಿಸಿ. ಜ್ವರಕ್ಕೆ ಪ್ಯಾರಸಿಟಮಾಲ್ ಕೊಡಿ, ಐಬುಪ್ರೊಫೆನ್ ಬೇಡ.