ಆಟ ಆಡದವರು ಕಾಮೆಂಟರಿ ಹೇಳಬಹುದಾ?

ನಾನು ಕ್ರಿಕೆಟ್ ಬಗ್ಗೆ ಬರೆಯುತ್ತೇನೆ ಅಂತ ಗೊತ್ತಾದರೆ ಸಾಕು, ಕಾಲೇಜು ಹುಡುಗರು ಕೇಳುವ ಪ್ರಶ್ನೆ ಒಂದೇ. "ಸಾರ್, ರಣಜಿ ಹೋಗಲಿ, ನಾನು ಒಂದು ಲೀಗ್ ಮ್ಯಾಚೂ ಆಡಿಲ್ಲ. ಕಾಮೆಂಟೇಟರ್ ಆಗಬಹುದಾ?" ಟಿವಿ ಹಾಕಿದರೆ ಮೈಕ್ ಹಿಡಿದವರಲ್ಲಿ ಮಾಜಿ ಆಟಗಾರರೇ ಜಾಸ್ತಿ. ಕನ್ನಡದಲ್ಲೂ ವಿಜಯ್ ಭಾರದ್ವಾಜ್ ಅವರಂಥ, ಭಾರತಕ್ಕೆ ಆಡಿದವರಿದ್ದಾರೆ. ಅನುಮಾನ ಬರುವುದು ಸಹಜ ಅಲ್ವಾ?

ಆಗಬಹುದು. ಆದರೆ ಮೊದಲು ರೇಡಿಯೊದವರ ಹಾಗೆ ಮಾತಾಡಲು ಕಲಿಯಬೇಕು.

ಕಾಮೆಂಟೇಟರ್ ಹರ್ಷ ಭೋಗ್ಲೆ ಎಲ್ಲರಿಗೂ ಗೊತ್ತು. ಕೆಮಿಕಲ್ ಇಂಜಿನಿಯರಿಂಗ್ ಓದಿ, ಅಹಮದಾಬಾದಿನ ಐಐಎಂಗೆ ಹೋದವರು. ಮೈಕ್ ಹಿಡಿದದ್ದು ಮಾತ್ರ ಹೈದರಾಬಾದ್ ಆಕಾಶವಾಣಿಯಲ್ಲಿ, ಇನ್ನೂ ಹತ್ತೊಂಬತ್ತರ ಹುಡುಗನಾಗಿದ್ದಾಗ. ಆದರೆ ನಾನು ಹುಡುಗರಿಗೆ ಜಾಸ್ತಿ ಹೇಳುವುದು ಬಾರ್ಬಡೋಸಿನ ಟೋನಿ ಕೋಜಿಯರ್ ಬಗ್ಗೆ. ಪತ್ರಕರ್ತನ ಮಗ, ಕೆನಡಾದಲ್ಲಿ ಪತ್ರಿಕೋದ್ಯಮ ಓದಿದವರು. ಕ್ರಿಕೆಟ್ ಆಡಿದ್ದು ಕ್ಲಬ್ ಮಟ್ಟದಲ್ಲಷ್ಟೇ. ಹಾಕಿಯಲ್ಲಿ ಬಾರ್ಬಡೋಸ್ ತಂಡದ ಗೋಲ್‌ಕೀಪರ್! 1965ರಲ್ಲಿ ಆಸ್ಟ್ರೇಲಿಯಾ ತಂಡ ವೆಸ್ಟ್ ಇಂಡೀಸಿಗೆ ಬಂದಾಗ ಕಾಮೆಂಟರಿ ಶುರು ಮಾಡಿದರು. ಮರುವರ್ಷವೇ ಬಿಬಿಸಿ ರೇಡಿಯೊ. ಮುಂದೆ ಟಿವಿಗೂ ಬಂದರು, ರೇಡಿಯೊ ಬಿಡಲಿಲ್ಲ. ಸುಮ್ನೆ ದನಿ ಕೇಳಿದ ಎಷ್ಟೋ ಜನ ಅವರನ್ನು ಕರಿಯರು ಅಂದುಕೊಂಡಿದ್ದರಂತೆ; ಅವರು ಬಿಳಿಯರು. 2016ರಲ್ಲಿ ತೀರಿಕೊಂಡರು. ಬ್ರಿಜ್‌ಟೌನಿನ ಕೆನ್ಸಿಂಗ್ಟನ್ ಓವಲ್‌ನ ಪ್ರೆಸ್ ಬಾಕ್ಸಿಗೆ ಅವರದೇ ಹೆಸರು.

ರೇಡಿಯೊ, ಟಿವಿ ಎರಡೂ ಕಡೆ ಸಲ್ಲುವುದು ಎಷ್ಟು ಕಷ್ಟ ಅಂತ ತಿಳಿಯಲು ಒಂದೇ ಒಂದು ಎಸೆತ ಸಾಕು. ಚಿನ್ನಸ್ವಾಮಿಯಲ್ಲಿ ಮ್ಯಾಚ್ ಅಂದುಕೊಳ್ಳಿ. ರೇಡಿಯೊದಲ್ಲಾದರೆ: "ಬಿಇಎಂಎಲ್ ಎಂಡ್‌ನಿಂದ ಓಡಿ ಬರುತ್ತಿದ್ದಾರೆ. ಆಫ್ ಸ್ಟಂಪಿನ ಆಚೆ, ಶಾರ್ಟ್ ಪಿಚ್ ಎಸೆತ. ಬ್ಯಾಕ್‌ಫುಟ್‌ಗೆ ಹೋಗಿ ಕಟ್ ಮಾಡಿದರು, ನೇರ ಪಾಯಿಂಟ್ ಫೀಲ್ಡರ್ ಕೈಗೆ. ರನ್ ಇಲ್ಲ. ಎರಡು ವಿಕೆಟ್‌ಗೆ 84." ಇಷ್ಟನ್ನೂ ಬೌಲರ್ ತಿರುಗಿ ನಡೆಯುವಷ್ಟರಲ್ಲಿ ಮುಗಿಸಬೇಕು. ಟಿವಿಯಲ್ಲಿ ಇದೆಲ್ಲ ನೋಡುಗರ ಕಣ್ಣೆದುರೇ ಇದೆ. ಅಲ್ಲಿ ಹೇಳಬೇಕಾದ್ದು, ಪಾಯಿಂಟ್‌ನವನನ್ನು ಹಿಂದಿನ ಓವರಿನಲ್ಲಿ ನಾಲ್ಕು ಹೆಜ್ಜೆ ಹಿಂದೆ ಯಾಕೆ ಕಳಿಸಿದ್ದರು ಅನ್ನೋದು. ಅದೂ ಗೊತ್ತಿಲ್ಲದಿದ್ದರೆ ಬಾಯಿ ಮುಚ್ಚಿಕೊಂಡಿರಬೇಕು. ಇವತ್ತಿನ ಟಿವಿಯಲ್ಲಿ ಈ ಕೊನೆಯದು ಬಹಳ ಕಮ್ಮಿ.

ಇದೆಲ್ಲ ಆಟ ಆಡಿದ ಮಾತ್ರಕ್ಕೆ ತಾನಾಗಿ ಬರುವುದಿಲ್ಲ. ಮುಂದೆ ಆಸ್ಟ್ರೇಲಿಯಾದ ನಾಯಕನಾದ ರಿಚಿ ಬೆನೊ ಅವರೇ 1956ರ ಇಂಗ್ಲೆಂಡ್ ಪ್ರವಾಸದ ನಂತರ ಅಲ್ಲೇ ಉಳಿದು ಬಿಬಿಸಿಯಲ್ಲಿ ತರಬೇತಿ ಪಡೆದರು. ನಮ್ಮ ಕರಾವಳಿಯ ಕಂಬಳದಲ್ಲಿ ಮೈಕ್ ಹಿಡಿದವರನ್ನು "ನೀವು ಕೋಣ ಓಡಿಸಿದ್ದೀರಾ?" ಅಂತ ಯಾರಾದರೂ ಕೇಳುತ್ತಾರಾ?

ಆಡಿದವರಿಗೆ ಮಾತ್ರ ಗೊತ್ತಿರುವುದು ಇದ್ದೇ ಇದೆ. ಬೆರಳಿಗೆ ಪೆಟ್ಟಾದಾಗ ಚೆಂಡಿನ ಹಿಡಿತ ಹೇಗಿರುತ್ತದೆ ಅನ್ನೋದು ನಿಮಗೆ ತಿಳಿಯದು. ಪಕ್ಕದಲ್ಲಿ ಕೂತ ಮಾಜಿ ಬೌಲರನ್ನು ಕೇಳಿ. ಆ ಪ್ರಶ್ನೆ ಕೇಳುವುದೇ ನಿಮ್ಮ ಕೆಲಸ.

ನಾಳೆಯಿಂದ ಏನು ಮಾಡಬೇಕು ಅಂತಲೂ ಕೇಳುತ್ತಾರೆ. ಟಿವಿ ದನಿ ಪೂರ್ತಿ ಇಳಿಸಿ, ಮೊಬೈಲ್‌ನಲ್ಲಿ ರೆಕಾರ್ಡ್ ಹಾಕಿ, ಐದು ಓವರ್ ಹೇಳಿ. ಆಮೇಲೆ ಕಣ್ಣು ಮುಚ್ಚಿ ಕೇಳಿ. ಸ್ಕೋರ್ ಎಷ್ಟು ಸಲ ಹೇಳಿದ್ದೀರಿ ಅಂತ ಎಣಿಸಿ. ಚಹಾ ಅಂಗಡಿಯಲ್ಲಿ ರೇಡಿಯೊ ಹತ್ತಿರ ಬಂದವನು ಮೊದಲು ಕೇಳುವುದು ಅದನ್ನೇ.